ಇಂಗ್ಲೆಂಡಿನಲ್ಲಿ ಲ್ಯಾಟಿನ್ ಬೋಧನೆ

ಇಂಗ್ಲೆಂಡಿನಲ್ಲಿ ಲ್ಯಾಟಿನ್ ಬೋಧನೆಯು ಮಧ್ಯಯುಗದಿಂದ ಇಂದಿನವರೆಗೆ ಮುಂದುವರಿದುಕೊಂಡು ಬಂದಿರುವ ಶಿಕ್ಷಣ ಪರಂಪರೆಯಾಗಿದೆ. ಲ್ಯಾಟಿನ್ ಪ್ರಾಚೀನ ರೋಮ್‌ನ ಭಾಷೆ. ಈ ಭಾಷೆಯನ್ನೂ ಪ್ರಾಚೀನ ಗ್ರೀಕ್ ಭಾಷೆಯನ್ನೂ ಆ ಎರಡು ನಾಗರಿಕತೆಗಳ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ ಮತ್ತು ಕಲೆಗಳನ್ನೂ ಒಟ್ಟಾಗಿ ಅಭ್ಯಸಿಸುವ ಜ್ಞಾನಶಾಖೆಯನ್ನು ಕ್ಲಾಸಿಕ್ಸ್ ಅಥವಾ ಅಭಿಜಾತ ಅಧ್ಯಯನ ಎಂದು ಕರೆಯಲಾಗುತ್ತದೆ. 20ನೆಯ ಶತಮಾನದ ಮಧ್ಯಭಾಗದವರೆಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಅಗತ್ಯವಾಗಿದ್ದ ಲ್ಯಾಟಿನ್ ಇಂದು ಐಚ್ಛಿಕ ವಿಷಯವಾಗಿದೆ. ಶುಲ್ಕ ಪಡೆಯುವ ಖಾಸಗಿ ಶಾಲೆಗಳಿಗೂ ಸರ್ಕಾರಿ ಅನುದಾನದ ಶಾಲೆಗಳಿಗೂ ನಡುವೆ ಈ ವಿಷಯದಲ್ಲಿರುವ ಅಂತರ, ಶಿಕ್ಷಕರ ಕೊರತೆ ಮತ್ತು ಅನುದಾನದ ಅನಿಶ್ಚಿತತೆ ಅದರ ಮುಂದಿರುವ ಪ್ರಮುಖ ಸವಾಲುಗಳಾಗಿವೆ.

ಇತಿಹಾಸ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಚರ್ಚ್, ನ್ಯಾಯಾಲಯ ಮತ್ತು ವಿದ್ವತ್ತಿನ ಬರವಣಿಗೆಯ ಪ್ರಮುಖ ಭಾಷೆ ಲ್ಯಾಟಿನ್ ಆಗಿತ್ತು. ಗ್ರಾಮರ್ ಶಾಲೆ ಎಂಬ ಹೆಸರಿನಲ್ಲಿರುವ ವ್ಯಾಕರಣವೆಂದರೆ ಮೂಲತಃ ಲ್ಯಾಟಿನ್ ವ್ಯಾಕರಣವೇ. 16ನೆಯ ಶತಮಾನದಲ್ಲಿ ದೊರೆ 8ನೆಯ ಹೆನ್ರಿಯು ವಿಲಿಯಂ ಲಿಲಿಯ ಹೆಸರಿನಲ್ಲಿ ಪ್ರಸಿದ್ಧವಾದ ವ್ಯಾಕರಣ ಗ್ರಂಥವನ್ನು ಶಾಲೆಗಳ ಅಧಿಕೃತ ಪಠ್ಯವನ್ನಾಗಿ ಮಾಡಿದನು. ಗ್ರಾಮರ್ ಶಾಲೆಗಾಗಿ ಬಿಟ್ಟ ದತ್ತಿಯನ್ನು ಆಧುನಿಕ ವಿಷಯಗಳ ಬೋಧನೆಗೆ ತಿರುಗಿಸಲಾಗದು ಎಂಬ ನಿಲುವನ್ನು 1805ರಲ್ಲಿ ಲೀಡ್ಸ್ ಗ್ರಾಮರ್ ಶಾಲೆಯ ಪ್ರಕರಣದಲ್ಲಿ ಲಾರ್ಡ್ ಎಲ್ಡನ್ ತಳೆದನು. ದತ್ತಿ ಶಾಲೆಗಳ ಪಠ್ಯವಿಷಯಗಳನ್ನು ವಿಸ್ತರಿಸಲು ಸ್ಪಷ್ಟವಾದ ಕಾನೂನಿನ ದಾರಿ ದೊರೆತದ್ದು 1840ರ ಗ್ರಾಮರ್ ಶಾಲೆಗಳ ಕಾಯ್ದೆಯಿಂದ.

19ನೆಯ ಶತಮಾನದಲ್ಲಿ ಲ್ಯಾಟಿನ್ ಜ್ಞಾನವು ಸಾಮಾಜಿಕ ಅಂತಸ್ತಿನ ಗುರುತೂ ಆಗಿತ್ತು. ಹುಡುಗಿಯರಿಗೂ ದುಡಿಯುವ ವರ್ಗದ ಮಕ್ಕಳಿಗೂ ಅದು ಸುಲಭವಾಗಿ ಎಟುಕುತ್ತಿರಲಿಲ್ಲ. 1888ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ 'ರಿವೈಸ್ಡ್ ಲ್ಯಾಟಿನ್ ಪ್ರೈಮರ್' ಬೆಂಜಮಿನ್ ಹಾಲ್ ಕೆನಡಿಯ ಹೆಸರಿನಲ್ಲಿ ಹೊರಬಂದಿತು. ಅದರ ರಚನೆಯಲ್ಲಿ ಅವನ ಪುತ್ರಿಯರಾದ ಮೇರಿಯನ್ ಮತ್ತು ಜೂಲಿಯಾ ಅವರ ಪಾಲು ದೊಡ್ಡದಾಗಿತ್ತು ಎಂಬುದು ಬಹುಕಾಲದ ನಂತರ ಬೆಳಕಿಗೆ ಬಂದಿತು.

ಮೊದಲನೆಯ ಮಹಾಯುದ್ಧದ ಬಳಿಕ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳು ಗ್ರೀಕ್ ಭಾಷೆಯ ಕಡ್ಡಾಯವನ್ನು ಕೈಬಿಟ್ಟವು. 1960ರ ಸುಮಾರಿಗೆ ಲ್ಯಾಟಿನ್ ಕಡ್ಡಾಯವೂ ಕೊನೆಗೊಂಡಿತು. 1965ರಿಂದ ಗ್ರಾಮರ್ ಶಾಲೆಗಳ ಬದಲಿಗೆ ಎಲ್ಲರಿಗೂ ಸಮಾನ ಪ್ರವೇಶವಿರುವ ಕಾಂಪ್ರಿಹೆನ್ಸಿವ್ ಶಾಲೆಗಳು ವ್ಯಾಪಕವಾದವು. 1988ರ ಶಿಕ್ಷಣ ಸುಧಾರಣಾ ಕಾಯ್ದೆಯ ಅನ್ವಯ ರೂಪುಗೊಂಡ ರಾಷ್ಟ್ರೀಯ ಪಠ್ಯಕ್ರಮದ ಕಡ್ಡಾಯ ವಿಷಯಗಳಲ್ಲಿ ಲ್ಯಾಟಿನ್‌ಗೆ ಸ್ಥಾನ ದೊರೆಯಲಿಲ್ಲ.

ಭಾಷೆಯ ಸ್ವರೂಪ ಮತ್ತು ಕಲಿಕೆಯ ತೊಡಕುಗಳು

ಲ್ಯಾಟಿನ್‌ನಲ್ಲಿ ನಾಮಪದಗಳಿಗೆ ಐದು ಬಗೆಯ ರೂಪಾವಳಿಗಳೂ ಕ್ರಿಯಾಪದಗಳಿಗೆ ನಾಲ್ಕು ಮುಖ್ಯ ಗಣಗಳೂ ಇವೆ. ಸಂಬೋಧನೆಯನ್ನೂ ಸೇರಿಸಿ ಸಾಮಾನ್ಯವಾಗಿ ಆರು ವಿಭಕ್ತಿಗಳನ್ನು ಕಲಿಸಲಾಗುತ್ತದೆ. 'ಪುಎರ್ ಪುಎಲ್ಲಮ್ ವಿಡೆಟ್' ಎಂದರೂ 'ಪುಎಲ್ಲಮ್ ಪುಎರ್ ವಿಡೆಟ್' ಎಂದರೂ ಹುಡುಗನು ಹುಡುಗಿಯನ್ನು ನೋಡುತ್ತಾನೆ ಎಂಬುದೇ ಅರ್ಥ. ನೋಡುವವರು ಯಾರು, ನೋಡಲ್ಪಡುವವರು ಯಾರು ಎಂಬುದನ್ನು ಪದಗಳ ಕ್ರಮದ ಬದಲು ಪದಾಂತ್ಯಗಳು ತಿಳಿಸುತ್ತವೆ. ಕನ್ನಡ, ಸಂಸ್ಕೃತ ಬಲ್ಲವರಿಗೆ ಸಹಜವೆನಿಸುವ ಈ ವ್ಯವಸ್ಥೆಯು, ಪದಕ್ರಮವನ್ನೇ ಹೆಚ್ಚಾಗಿ ಅವಲಂಬಿಸಿರುವ ಇಂಗ್ಲಿಷ್ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಮೊದಲ ತೊಡಕಾಗುತ್ತದೆ.

ಉಚ್ಚಾರಣೆಯಲ್ಲಿಯೂ ಭಿನ್ನ ಪರಂಪರೆಗಳಿವೆ. ಇಂಗ್ಲಿಷಿನಲ್ಲಿ ಸಿಸೆರೊ ಎಂದು ಕರೆಯಲಾಗುವ ವಾಗ್ಮಿಯ ಹೆಸರು ಚರ್ಚಿನ ಉಚ್ಚಾರಣೆಯಲ್ಲಿ ಚಿಚೆರೊ ಎಂದೂ, ವಿದ್ವಾಂಸರು ಪುನಾರಚಿಸಿದ ಪ್ರಾಚೀನ ಉಚ್ಚಾರಣೆಯಲ್ಲಿ ಕಿಕೆರೊ ಎಂದೂ ಆಗುತ್ತದೆ. ಇಂದಿನ ಇಂಗ್ಲಿಷ್ ಶಾಲೆಗಳಲ್ಲಿ ಸಾಮಾನ್ಯವಾಗಿ ಪುನಾರಚಿತ ಉಚ್ಚಾರಣೆಯನ್ನೇ ಕಲಿಸಲಾಗುತ್ತದೆ.

ಬೋಧನಾ ವಿಧಾನಗಳು

ವ್ಯಾಕರಣ–ಅನುವಾದ ವಿಧಾನ: ರೂಪಾವಳಿಗಳನ್ನು ಕಂಠಪಾಠ ಮಾಡಿ, ಬಿಡಿ ವಾಕ್ಯಗಳನ್ನು ಅನುವಾದಿಸುವುದು ಈ ಹಳೆಯ ವಿಧಾನದ ತಿರುಳು. ಇದರಿಂದ ವ್ಯಾಕರಣದ ಹಿಡಿತ ಬಿಗಿಯಾಗುತ್ತದೆ. ಆದರೆ ಒಂದೆರಡು ವರ್ಷಗಳಲ್ಲಿ ಅಭ್ಯಾಸವನ್ನು ಬಿಡುವ ವಿದ್ಯಾರ್ಥಿಯು ರೋಮನ್ ಸಾಹಿತ್ಯದ ಪರಿಚಯವೇ ಆಗದೆ ಹೊರಬೀಳುವ ಸಾಧ್ಯತೆಯಿದೆ.

ನೇರ ವಿಧಾನ: ಕೋಲ್ಕತ್ತಾದಲ್ಲಿ ಜನಿಸಿದ ಡಬ್ಲ್ಯೂ. ಎಚ್. ಡಿ. ರೌಸ್ 20ನೆಯ ಶತಮಾನದ ಆರಂಭದಲ್ಲಿ ಕೇಂಬ್ರಿಜ್‌ನ ಪರ್ಸ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದಾಗ ತರಗತಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿಯೇ ಮಾತನಾಡಿ ಕಲಿಸುವ ಕ್ರಮವನ್ನು ಜಾರಿಗೆ ತಂದನು. ಇದಕ್ಕೆ ನಿರರ್ಗಳವಾಗಿ ಲ್ಯಾಟಿನ್ ಮಾತನಾಡಬಲ್ಲ ಶಿಕ್ಷಕರು ಬೇಕಾಗಿದ್ದರಿಂದ ಅದು ವ್ಯಾಪಕವಾಗಿ ಹರಡಲಿಲ್ಲ. ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್ ಸಂಪೂರ್ಣವಾಗಿ ಲ್ಯಾಟಿನ್‌ನಲ್ಲೇ ರಚಿಸಿದ ಪಠ್ಯಮಾಲೆಯು ಇದೇ ಆಶಯಕ್ಕೆ ಹತ್ತಿರವಾದುದು.

ಓದು ಆಧಾರಿತ ವಿಧಾನ: ಪ್ರವೇಶದ ಕಡ್ಡಾಯ ತೆರವಾದ ಮೇಲೆ ವಿದ್ಯಾರ್ಥಿಗಳ ಆಸಕ್ತಿಯನ್ನೇ ನೆಚ್ಚಿಕೊಳ್ಳಬೇಕಾದ ಪರಿಸ್ಥಿತಿ ಉಂಟಾಯಿತು. ನಫೀಲ್ಡ್ ಪ್ರತಿಷ್ಠಾನದ ನೆರವಿನಿಂದ 1966ರಲ್ಲಿ ಆರಂಭವಾದ ಕೇಂಬ್ರಿಜ್ ಸ್ಕೂಲ್ ಕ್ಲಾಸಿಕ್ಸ್ ಪ್ರಾಜೆಕ್ಟ್ ಸಂಸ್ಥೆಯು 1970ರಿಂದ 'ಕೇಂಬ್ರಿಜ್ ಲ್ಯಾಟಿನ್ ಕೋರ್ಸ್' ಪಠ್ಯಮಾಲೆಯನ್ನು ಹೊರತಂದಿತು. ಕ್ರಿ.ಶ. 79ರಲ್ಲಿ ವಿಸುವಿಯಸ್ ಜ್ವಾಲಾಮುಖಿಯಿಂದ ನಾಶವಾದ ಪೊಂಪೇ ನಗರದ ಕಾಯ್ಕಿಲಿಯಸ್ ಎಂಬ ಲೇವಾದೇವಿಗಾರನ ಕುಟುಂಬದ ಕಥೆಯಿಂದ ಅದು ಆರಂಭವಾಗುತ್ತದೆ. ಆತನು ಐತಿಹಾಸಿಕ ವ್ಯಕ್ತಿ. ಅವನ ವ್ಯವಹಾರಗಳನ್ನು ದಾಖಲಿಸಿದ ಮೇಣದ ಹಲಗೆಗಳು 1875ರಲ್ಲಿ ದೊರೆತವು. ಹಿಂದಿನ ಆವೃತ್ತಿಗಳಲ್ಲಿ ಸ್ತ್ರೀ ಪಾತ್ರಗಳು ಕಡಿಮೆ, ಗುಲಾಮರ ಬದುಕಿನ ಚಿತ್ರಣ ಹಗುರ ಎಂಬ ಟೀಕೆಗಳು ಬಂದಿದ್ದವು. 2022ರಲ್ಲಿ ಬ್ರಿಟನ್ನಿಗಾಗಿ ಪ್ರಕಟವಾದ 5ನೆಯ ಆವೃತ್ತಿಯಲ್ಲಿ ಈ ಅಂಶಗಳನ್ನು ಪರಿಷ್ಕರಿಸಲಾಯಿತು.

ಸವಾಲುಗಳು

ಅಸಮಾನ ಅವಕಾಶ: 2021ರಲ್ಲಿ ಸರ್ಕಾರವು ಉಲ್ಲೇಖಿಸಿದ ಬ್ರಿಟಿಷ್ ಕೌನ್ಸಿಲ್ ಸಮೀಕ್ಷೆಯ ಪ್ರಕಾರ, 11ರಿಂದ 14 ವರ್ಷದ ಹಂತದಲ್ಲಿ ಸರ್ಕಾರಿ ಅನುದಾನದ ಶಾಲೆಗಳ ಪೈಕಿ ಶೇ. 2.7ರಷ್ಟರಲ್ಲಿ ಮಾತ್ರ ಲ್ಯಾಟಿನ್ ಕಲಿಸಲಾಗುತ್ತಿತ್ತು. ಖಾಸಗಿ ಶಾಲೆಗಳಲ್ಲಿ ಈ ಪ್ರಮಾಣ ಶೇ. 49 ಆಗಿತ್ತು.

ಶಿಕ್ಷಕರ ಕೊರತೆ: ಲ್ಯಾಟಿನ್ ಶಿಕ್ಷಕರಿಗೆ ವೃತ್ತಿ ತರಬೇತಿ ನೀಡುವ ವಿಶ್ವವಿದ್ಯಾಲಯಗಳು ಕೆಲವೇ. ಬಹಳಷ್ಟು ಶಾಲೆಗಳಲ್ಲಿ ಈ ವಿಷಯಕ್ಕೆ ಒಬ್ಬರೇ ಶಿಕ್ಷಕರಿರುವುದರಿಂದ, ಅವರು ನಿವೃತ್ತರಾದರೆ ಅಥವಾ ಬೇರೆಡೆಗೆ ಹೋದರೆ ವಿಷಯವೇ ನಿಂತುಹೋಗುವ ಅಪಾಯವಿರುತ್ತದೆ.

ಅನುದಾನದ ಅನಿಶ್ಚಿತತೆ: ಸರ್ಕಾರಿ ಶಾಲೆಗಳಲ್ಲಿ ಲ್ಯಾಟಿನ್ ಕಲಿಕೆಯನ್ನು ಹೆಚ್ಚಿಸಲು 'ಲ್ಯಾಟಿನ್ ಎಕ್ಸಲೆನ್ಸ್ ಪ್ರೋಗ್ರಾಂ' ಎಂಬ ಯೋಜನೆಯನ್ನು 2021ರಲ್ಲಿ ಘೋಷಿಸಲಾಯಿತು. 40 ಶಾಲೆಗಳ ಗುರಿ ಹೊಂದಿದ್ದ, 40 ಲಕ್ಷ ಪೌಂಡ್ ವೆಚ್ಚದ ಈ ಪ್ರಾಯೋಗಿಕ ಯೋಜನೆಯು 2022ರಿಂದ ನಾಲ್ಕು ವರ್ಷ ನಡೆಯಬೇಕಿತ್ತು. ಸರ್ಕಾರ ಬದಲಾದ ಬಳಿಕ, 2025ರ ಫೆಬ್ರವರಿಯಲ್ಲಿಯೇ ಅನುದಾನವನ್ನು ನಿಲ್ಲಿಸುವ ತೀರ್ಮಾನವು 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಶೈಕ್ಷಣಿಕ ವರ್ಷದ ನಡುವೆಯೇ ನೆರವು ನಿಲ್ಲುವುದರಿಂದ 16ನೆಯ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ವಿದ್ಯಾರ್ಥಿಗಳ ಬಗ್ಗೆ ಶಿಕ್ಷಕರೂ ವಿದ್ವಾಂಸರೂ ಕಳವಳ ವ್ಯಕ್ತಪಡಿಸಿದರು.

ಪ್ರಯೋಜನದ ಕುರಿತ ಚರ್ಚೆ: ಲ್ಯಾಟಿನ್ ಬುದ್ಧಿಗೆ ಸಾಣೆ ಹಿಡಿಯುತ್ತದೆ ಎಂಬುದು ಅದರ ಪರವಾದ ಹಳೆಯ ವಾದ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1924ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಾದಕ್ಕೆ ಬೆಂಬಲ ನೀಡಲಿಲ್ಲ. ಜರ್ಮನಿಯ ವಿದ್ಯಾರ್ಥಿಗಳ ಮೇಲೆ ಹಾಗ್ ಮತ್ತು ಸ್ಟರ್ನ್ ನಡೆಸಿದ 2003ರ ಅಧ್ಯಯನದಲ್ಲಿ, ಸ್ಪ್ಯಾನಿಷ್ ಕಲಿಯಲು ಮೊದಲೇ ಲ್ಯಾಟಿನ್ ಕಲಿತವರಿಗಿಂತ ಫ್ರೆಂಚ್ ಕಲಿತವರಿಗೆ ಹೆಚ್ಚು ಅನುಕೂಲವಾದುದು ಕಂಡುಬಂದಿತು. ಆದ್ದರಿಂದ ಸಾಹಿತ್ಯ, ಇತಿಹಾಸ ಮತ್ತು ಶಾಸನಗಳನ್ನು ಮೂಲದಲ್ಲಿಯೇ ಓದುವ ಸಾಮರ್ಥ್ಯವನ್ನು ಮುಖ್ಯ ಪ್ರಯೋಜನವೆಂದು ಪರಿಗಣಿಸುವ ನಿಲುವೂ ಇದೆ.

ಅವಕಾಶಗಳು

2014ರಿಂದ 7ರಿಂದ 11 ವರ್ಷದ ಮಕ್ಕಳಿಗೆ ಕಡ್ಡಾಯವಾದ ಅನ್ಯಭಾಷಾ ಕಲಿಕೆಯಲ್ಲಿ ಪ್ರಾಚೀನ ಭಾಷೆಯನ್ನೂ ಆಯ್ದುಕೊಳ್ಳಬಹುದಾಗಿದೆ. ಬಾರ್ಬರಾ ಬೆಲ್ ರಚಿಸಿದ 'ಮಿನಿಮಸ್' ಪಠ್ಯಪುಸ್ತಕವು ವಿಂಡೊಲಾಂಡಾ ಎಂಬ ರೋಮನ್ ಕೋಟೆಯಲ್ಲಿ ವಾಸಿಸುವ ಇಲಿಯ ಮೂಲಕ ಕಿರಿಯ ಮಕ್ಕಳಿಗೆ ಲ್ಯಾಟಿನ್ ಪರಿಚಯಿಸುತ್ತದೆ. ಉತ್ತರ ಇಂಗ್ಲೆಂಡಿನ ಇದೇ ಸ್ಥಳದಲ್ಲಿ 1973ರಿಂದ ದೊರೆತಿರುವ ಮರದ ಹಲಗೆಯ ಬರಹಗಳಲ್ಲಿ, ಕ್ರಿ.ಶ. 100ರ ಸುಮಾರಿಗೆ ಕ್ಲಾಡಿಯಾ ಸೆವೆರಾ ಎಂಬಾಕೆಯು ತನ್ನ ಹುಟ್ಟುಹಬ್ಬಕ್ಕೆ ಗೆಳತಿಯನ್ನು ಆಹ್ವಾನಿಸಿದ ಪತ್ರವೂ ಇದೆ. ಇಂತಹ ಸ್ಥಳೀಯ ಆಧಾರಗಳು ಲ್ಯಾಟಿನ್ ಅನ್ನು ವಿದ್ಯಾರ್ಥಿಗಳ ಪರಿಸರದ ಇತಿಹಾಸದೊಂದಿಗೆ ಜೋಡಿಸಲು ನೆರವಾಗುತ್ತವೆ.

ಪ್ರಾಚೀನ ಕೃತಿಗಳನ್ನು ಅನುವಾದದಲ್ಲಿ ಅಭ್ಯಸಿಸುವ 'ಕ್ಲಾಸಿಕಲ್ ಸಿವಿಲೈಸೇಷನ್' ವಿಷಯಕ್ಕೆ ಭಾಷಾಜ್ಞಾನ ಬೇಕಿಲ್ಲ. ಆದ್ದರಿಂದ ಅನ್ಯ ವಿಷಯಗಳ ಶಿಕ್ಷಕರೂ ತರಬೇತಿ ಪಡೆದು ಅದನ್ನು ಬೋಧಿಸಬಹುದು. 2010ರಲ್ಲಿ ಸ್ಥಾಪನೆಯಾದ 'ಕ್ಲಾಸಿಕ್ಸ್ ಫಾರ್ ಆಲ್' ಎಂಬ ದತ್ತಿ ಸಂಸ್ಥೆಯು ಸರ್ಕಾರಿ ಶಾಲೆಗಳಿಗೆ ಇಂತಹ ತರಬೇತಿಯನ್ನೂ ಧನಸಹಾಯವನ್ನೂ ನೀಡುತ್ತದೆ. ಶಾಲೆಯಲ್ಲಿ ಲ್ಯಾಟಿನ್ ಕಲಿಯಲು ಅವಕಾಶವಿಲ್ಲದವರಿಗಾಗಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳೂ ಆರಂಭದಿಂದ ಭಾಷೆ ಕಲಿಸುವ ಪದವಿ ಮಾರ್ಗಗಳನ್ನು ರೂಪಿಸಿವೆ.

ಭಾರತದೊಂದಿಗಿನ ಸಂಬಂಧ

ಇಂಗ್ಲೆಂಡಿನ ಅಭಿಜಾತ ಶಿಕ್ಷಣದ ಪ್ರಭಾವ ಭಾರತದ ಆಡಳಿತದ ಮೇಲೂ ಆಗಿತ್ತು. 1855ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಭಾರತೀಯ ನಾಗರಿಕ ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಿಗೆ ಸಂಸ್ಕೃತ ಮತ್ತು ಅರೇಬಿಕ್ ಭಾಷೆಗಳಿಗಿಂತ ಹೆಚ್ಚಿನ ಅಂಕಗಳಿದ್ದವು. ಇದರಿಂದ ಇಂಗ್ಲೆಂಡಿನಲ್ಲಿ ಶಿಕ್ಷಣ ಪಡೆದವರಿಗೆ ಅನುಕೂಲವಾಯಿತು. ಇದಕ್ಕೂ ಮೊದಲು, 1786ರಲ್ಲಿ ಕೋಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಪ್ರತಿಪಾದಿಸಿದ್ದನು. ಈ ವಿಚಾರವು ತೌಲನಿಕ ಭಾಷಾಶಾಸ್ತ್ರದ ಬೆಳವಣಿಗೆಗೆ ಪ್ರೇರಣೆಯಾಯಿತು.