ಕಿಂಡಿ ತೆರೆದ ಮೇಲೂ ನಿಂತ ನೀರು

ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ಯಾರೇ ಬರೆದರೂ ಅದು ಹೆಚ್ಚಾಗಿ ಬಾಗಿಲಿನ ಕತೆಯಾಗುತ್ತದೆ. ಮುಚ್ಚಿಹೋದ ಕವಾಟವನ್ನು ಮೊದಲು ಬೆರಳಿನಿಂದ ತೆರೆದವರು ಯಾರು, ಕೃತಕ ಕವಾಟವನ್ನು ಮೊದಲು ಕೂರಿಸಿದವರು ಯಾರು, ಯಾವ ಊರಿನಲ್ಲಿ, ಯಾವ ಇಸವಿಯಲ್ಲಿ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬಾಗಿಲು ಮುಚ್ಚಿದ್ದಷ್ಟು ಕಾಲ ಹಿಂದಿನ ಕೋಣೆಯಲ್ಲಿ ಏನಾಗುತ್ತಿತ್ತು ಎಂಬುದು ಮಾತ್ರ ಅಡಿಟಿಪ್ಪಣಿಗೆ ಹೋಗುತ್ತದೆ. ಆ ಹಿಂದಿನ ಕೋಣೆ ಶ್ವಾಸಕೋಶ. ನಾನು ಹಲವು ವರ್ಷಗಳಿಂದ ಬದುಕುತ್ತಿರುವುದು ಆ ಅಡಿಟಿಪ್ಪಣಿಯಲ್ಲೇ. ಇತಿಹಾಸದ ಮೇಷ್ಟ್ರಾಗಿರುವುದರಿಂದ ಅದನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆಯೋಣ ಅನ್ನಿಸಿತು.

ನನ್ನ ಮೈಟ್ರಲ್ ಕವಾಟ ಬದಲಾಗಿದೆ. ಹೊಸ ಕವಾಟ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ರಾತ್ರಿ ಮನೆ ನಿಶ್ಶಬ್ದವಾದಾಗ ಅದರ ಟಿಕ್ ಟಿಕ್ ನನಗೇ ಕೇಳಿಸುತ್ತದೆ. ಆದರೆ ಶ್ವಾಸಕೋಶದ ಅಪಧಮನಿಯಲ್ಲಿ ಏರಿದ್ದ ಒತ್ತಡ ಪೂರ್ತಿ ಇಳಿದಿಲ್ಲ. ಸಿದ್ದಾಪುರದ ಪೇಟೆಯಲ್ಲಿ ಸ್ವಲ್ಪ ಏರು ಹತ್ತಿ ನಿಂತು ಸುಧಾರಿಸಿಕೊಳ್ಳುವಾಗ ಯಾರಾದರೂ ಕೇಳುತ್ತಾರೆ: "ಆಪ್ರೇಶನ್ ಆಯ್ತಲ್ದಾ ಮಾಷ್ಟ್ರೇ, ಇನ್ನೆಂತ ದಮ್ಮು ಕಟ್ಟುದ್?" ಕೇಳುವವರಿಗೆ ಅಕ್ಕರೆಯೇ ಇರುತ್ತದೆ. ಪ್ರಶ್ನೆಯೂ ನ್ಯಾಯವಾದದ್ದೇ. ಉತ್ತರ ಮಾತ್ರ ರಸ್ತೆ ಬದಿಯಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ.

ನಮ್ಮ ಕಡೆಯವರಿಗೆ ಇದನ್ನು ಕಿಂಡಿ ಅಣೆಕಟ್ಟಿನ ಮೂಲಕ ಹೇಳುವುದು ಸುಲಭ. ಮಳೆಗಾಲ ಮುಗಿದ ಮೇಲೆ ಹೊಳೆಯ ಕಿಂಡಿಗಳಿಗೆ ಹಲಗೆ ಹಾಕುತ್ತೇವೆ, ಮುಂದಿನ ಮಳೆ ಹಿಡಿಯುವ ಮೊದಲು ತೆಗೆಯುತ್ತೇವೆ. ತೆಗೆಯದೆ ಬಿಟ್ಟರೆ ನೀರು ಹಿಂದಕ್ಕೆ ಒತ್ತಿ ಮೇಲಿನ ಗದ್ದೆ ತೋಟಗಳಿಗೆ ನುಗ್ಗುತ್ತದೆ. ಮೈಟ್ರಲ್ ಕವಾಟವೂ ಅಂಥದೇ ಒಂದು ಕಿಂಡಿ. ಶ್ವಾಸಕೋಶದಲ್ಲಿ ಶುದ್ಧವಾದ ರಕ್ತ ಹೃದಯದ ಎಡ ಹೃತ್ಕರ್ಣಕ್ಕೆ ಬಂದು, ಈ ಕವಾಟದ ಮೂಲಕ ಎಡ ಹೃತ್ಕುಕ್ಷಿಗೆ ಇಳಿಯಬೇಕು. ಕವಾಟ ಕಿರಿದಾದರೆ ರಕ್ತ ಹಿಂದೆ ಒತ್ತುತ್ತದೆ, ಶ್ವಾಸಕೋಶ ಹಸಿಯಾಗುತ್ತದೆ, ಅಲ್ಲಿನ ಅಪಧಮನಿಗಳಲ್ಲಿ ಒತ್ತಡ ಏರುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಇದಲ್ಲ. ಈ ಒತ್ತಡದ ಸರಾಸರಿ ಆರೋಗ್ಯವಂತರಲ್ಲಿ ಸುಮಾರು 14 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. 20 ದಾಟಿದರೆ ಅಧಿಕ ಎಂದು ಈಗ ಲೆಕ್ಕ. ಇದರ ವಿರುದ್ಧ ರಕ್ತ ತಳ್ಳಬೇಕಾದದ್ದು ಹೃದಯದ ಬಲ ಭಾಗ. ಅದರ ಗೋಡೆ ಎಡಭಾಗದ ಗೋಡೆಗಿಂತ ಬಹಳ ತೆಳು. ಇಂಥ ದುಡಿಮೆಗೆ ಹುಟ್ಟಿದ್ದಲ್ಲ.

ಕಿಂಡಿಯನ್ನು ಬಿಡಿಸುವ ಯೋಚನೆ ಹಳೆಯದು. 1902ರಲ್ಲಿ ಲಂಡನ್ನಿನ ವೈದ್ಯ ಲಾಡರ್ ಬ್ರಂಟನ್ ಅದನ್ನು ಬರೆದಾಗ ಒಪ್ಪಿದವರಿಗಿಂತ ಟೀಕಿಸಿದವರೇ ಹೆಚ್ಚು. 1925ರಲ್ಲಿ ಅದೇ ನಗರದ ಹೆನ್ರಿ ಸೌಟರ್ ಒಬ್ಬ ಹರೆಯದ ಹುಡುಗಿಯ ಹೃದಯದೊಳಗೆ ಬೆರಳು ತೂರಿಸಿ ಕವಾಟವನ್ನು ಮುಟ್ಟಿ ನೋಡಿ ಸಡಿಲಿಸಿದರು. ಹುಡುಗಿ ಬದುಕಿದಳು. ಆದರೂ ವೈದ್ಯರು ಮತ್ತೊಬ್ಬ ರೋಗಿಯನ್ನು ಅವರ ಬಳಿಗೆ ಕಳುಹಿಸಲಿಲ್ಲ. ಕಾಯಿಲೆ ಇರುವುದು ಹೃದಯದ ಸ್ನಾಯುವಿನಲ್ಲಿ, ಕವಾಟ ಬಿಡಿಸಿ ಏನು ಪ್ರಯೋಜನ ಎಂಬುದು ಆಗಿನ ದೊಡ್ಡ ವೈದ್ಯರ ನಂಬಿಕೆಯಾಗಿತ್ತು. ಮತ್ತೆ ಇಪ್ಪತ್ತಮೂರು ವರ್ಷ ಕಳೆಯಿತು. 1948ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ಚಾರ್ಲ್ಸ್ ಬೈಲಿ, ಕೆಲವೇ ದಿನಗಳ ಅಂತರದಲ್ಲಿ ಬಾಸ್ಟನ್ನಿನ ಡ್ವೈಟ್ ಹಾರ್ಕೆನ್, ಅದೇ ವರ್ಷ ಲಂಡನ್ನಿನ ರಸೆಲ್ ಬ್ರಾಕ್ ಕವಾಟ ಬಿಡಿಸಿ ಗೆದ್ದರು. ಬೈಲಿಯ ಮೊದಲ ನಾಲ್ವರು ರೋಗಿಗಳು ಉಳಿದಿರಲಿಲ್ಲ, ಗೆದ್ದದ್ದು ಐದನೆಯದರಲ್ಲಿ.

ಬಾಗಿಲಿನ ಕತೆ ಇಲ್ಲಿಂದ ವೇಗವಾಗಿ ಓಡುತ್ತದೆ. ಹಿಂದಿನ ಕೋಣೆಗೆ ದೀಪ ಹಿಡಿದವರ ಕತೆ ಬೇರೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನದೇ ತೋಳಿನ ರಕ್ತನಾಳದಿಂದ ಹೃದಯಕ್ಕೆ ತೆಳು ನಳಿಕೆ ತೂರಿಸಿ, ಎಕ್ಸ್‌ರೇ ಕೋಣೆಗೆ ನಡೆದು ಹೋಗಿ ಚಿತ್ರ ತೆಗೆಸಿಕೊಂಡ. ನ್ಯೂಯಾರ್ಕಿನ ಕೂರ್ನಾಂಡ್ ಮತ್ತು ರಿಚರ್ಡ್ಸ್ ಆ ನಳಿಕೆಯನ್ನು ಒತ್ತಡ ಅಳೆಯುವ ಸಾಧನವಾಗಿ ಬೆಳೆಸಿದರು. 1956ರಲ್ಲಿ ಮೂವರಿಗೂ ನೊಬೆಲ್ ಬಂತು.

ಆ ನಳಿಕೆಯನ್ನು ಹಿಡಿದು ನನ್ನ ಕಾಯಿಲೆಯ ಒಳಗುಟ್ಟನ್ನು ಹುಡುಕಿದವರಲ್ಲಿ ಪಾಲ್ ವುಡ್ ಮುಖ್ಯರು. ಇವರು 1907ರಲ್ಲಿ ಹುಟ್ಟಿದ್ದು ನೀಲಗಿರಿಯ ಕೂನೂರಿನಲ್ಲಿ, ಹೆಸರು ಮಾಡಿದ್ದು ಲಂಡನ್ನಿನಲ್ಲಿ. ಮೈಟ್ರಲ್ ಕವಾಟ ಕಿರಿದಾದ ಕೆಲವರಲ್ಲಿ ಶ್ವಾಸಕೋಶದ ಒತ್ತಡ ಬರೀ ಹಿಂದೆ ಒತ್ತಿದ ರಕ್ತದಿಂದ ಏರಬಹುದಾದುದಕ್ಕಿಂತ ಬಹಳ ಹೆಚ್ಚಿರುವುದನ್ನು 1950ರ ದಶಕದಲ್ಲಿ ಅವರು ಅಳೆದು ತೋರಿಸಿದರು. ಅಂದರೆ ರಕ್ತನಾಳಗಳು ತಾವಾಗಿಯೇ ಬಿಗಿದುಕೊಂಡಿವೆ. ಅಸಿಟೈಲ್‌ಕೋಲಿನ್ ಎಂಬ ರಸಾಯನವನ್ನು ಹಾಯಿಸಿದಾಗ ಆ ಬಿಗಿತ ಸ್ವಲ್ಪ ಸಡಿಲಿಸಿತು. ನೆರೆ ನೀರಿನಿಂದ ಕಾಪಾಡಿಕೊಳ್ಳಲು ಗದ್ದೆಯೇ ಅಂಚು ಏರಿಸಿಕೊಂಡ ಹಾಗೆ ಇದು. ಶ್ವಾಸಕೋಶದ ಮಟ್ಟಿಗೆ ಅದು ರಕ್ಷಣೆ. ಬಲ ಹೃದಯಕ್ಕೆ ಅದೇ ಶಿಕ್ಷೆ. ಬಿಗಿದ ಸ್ಥಿತಿಯಲ್ಲಿ ವರ್ಷಗಳು ಕಳೆದರೆ ನಾಳಗಳ ಗೋಡೆಯೇ ದಪ್ಪವಾಗುತ್ತದೆ. ಆಗ ಅದು ಬಿಗಿತವಲ್ಲ, ರಚನೆ.

1960ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಆಲ್ಬರ್ಟ್ ಸ್ಟಾರ್, ನಿವೃತ್ತ ಇಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಜೊತೆ ಸೇರಿ ರೂಪಿಸಿದ ಗುಂಡು ಕವಾಟವನ್ನು ಮೈಟ್ರಲ್ ಜಾಗದಲ್ಲಿ ಕೂರಿಸಿದರು. ಐದು ವರ್ಷಗಳ ಬಳಿಕ, 1965ರಲ್ಲಿ, ಯೂಜೀನ್ ಬ್ರೌನ್‌ವಾಲ್ಡ್, ನೀನಾ ಬ್ರೌನ್‌ವಾಲ್ಡ್ ಮತ್ತು ಸಂಗಡಿಗರು ಕವಾಟ ಬದಲಾದವರಿಗೆ ತಿಂಗಳುಗಳ ನಂತರ ಮತ್ತೆ ನಳಿಕೆ ಹಾಕಿ ನೋಡಿದರು. ಒತ್ತಡ ಗಣನೀಯವಾಗಿ ಇಳಿದಿತ್ತು. ಅತಿ ಒತ್ತಡ ಇರುವವರಿಗೆ ಶಸ್ತ್ರಚಿಕಿತ್ಸೆ ವ್ಯರ್ಥ ಎಂಬ ಭಯಕ್ಕೆ ಅದು ಉತ್ತರವಾಯಿತು. ಅದು ನನ್ನಂಥವರ ಪಾಲಿಗೆ ಒಳ್ಳೆಯ ಸುದ್ದಿ, ಆದರೆ ಪೂರ್ತಿ ಸುದ್ದಿಯಲ್ಲ. ಎಲ್ಲರಲ್ಲೂ ಒತ್ತಡ ಸಹಜ ಮಟ್ಟಕ್ಕೆ ಇಳಿಯುವುದಿಲ್ಲ. ಕಿಂಡಿ ಎಷ್ಟು ಕಾಲ ಮುಚ್ಚಿತ್ತು ಎಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ನಮ್ಮ ದೇಶದ ಪಾಲು ಇಲ್ಲಿಯೇ ಕಹಿಯಾಗಿದೆ. ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ಬೆನ್ನಿಗೆ ಬರುವ ಸಂಧಿವಾತ ಜ್ವರ ಕೀಲುಗಳನ್ನು ಕೆಲವು ದಿನ ನೋಯಿಸಿ ಹೋಗುತ್ತದೆ, ಕವಾಟದಲ್ಲಿ ಮಾತ್ರ ಉಳಿದುಬಿಡುತ್ತದೆ. ಪಾಶ್ಚಾತ್ಯ ಪಠ್ಯಪುಸ್ತಕಗಳ ಪ್ರಕಾರ ಜ್ವರ ಬಂದು ಕವಾಟ ತೀರ ಕಿರಿದಾಗಲು ಒಂದೆರಡು ದಶಕವಾದರೂ ಬೇಕು. 1963ರಲ್ಲಿ ದೆಹಲಿಯ ಸುಜಯ್ ರಾಯ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬೇರೆಯೇ ಚಿತ್ರ ಇಟ್ಟರು: ಭಾರತದಲ್ಲಿ ಇಪ್ಪತ್ತು ತುಂಬದ ಮಕ್ಕಳಲ್ಲೇ ಕವಾಟ ತೀವ್ರವಾಗಿ ಕಿರಿದಾಗಿರುತ್ತದೆ, ಶ್ವಾಸಕೋಶದ ಒತ್ತಡವೂ ಏರಿರುತ್ತದೆ. ಕಾಯಿಲೆ ಒಂದೇ, ಆದರೆ ಬಡತನವೂ ಇಕ್ಕಟ್ಟಾದ ಮನೆಗಳೂ ಇರುವಲ್ಲಿ ಅದರ ಗಡಿಯಾರ ಬೇಗ ಓಡುತ್ತದೆ. ಬಾಲ್ಯದಲ್ಲಿ ನನ್ನ ಮೊಣಕಾಲು ಊದಿದಾಗ ಮನೆಯವರು ವಾತ ಎಂದು ಎಣ್ಣೆ ತಿಕ್ಕಿದರು. ಆ ಕಾಲಕ್ಕೆ ನಮ್ಮ ಊರಿನಲ್ಲಿ ಬೇರೆ ಯಾರೂ ಬೇರೇನೂ ಮಾಡುತ್ತಿರಲಿಲ್ಲ.

ಚಿಕಿತ್ಸೆ ಇಲ್ಲಿಗೆ ಬರಲು ಎರಡು ದಾರಿಯಾಯಿತು. ಎದೆ ತೆರೆಯದೆ ಬಲೂನಿನಿಂದ ಕವಾಟ ಹಿಗ್ಗಿಸುವ ವಿಧಾನವನ್ನು ಜಪಾನಿನ ಕಾಂಜಿ ಇನೋವೆ 1980ರ ದಶಕದ ಆರಂಭದಲ್ಲಿ ತಂದರು. ಮುಂದೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಅದಕ್ಕೆ ಹೆಸರಾಯಿತು. ಇನ್ನೊಂದು ದಾರಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯದು. ಹೊರದೇಶದ ಕವಾಟದ ಬೆಲೆ ಇಲ್ಲಿನವರ ಕೈಗೆಟುಕದು ಎಂದು ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಮತ್ತು ಅಲ್ಲಿನ ಇಂಜಿನಿಯರುಗಳು ಇಲ್ಲಿಯೇ ಕವಾಟ ಮಾಡಲು ಹೊರಟರು. ಮೂರು ಮಾದರಿಗಳು ಸೋತವು. ಟೈಟಾನಿಯಂ ಚೌಕಟ್ಟನ್ನೂ ನೀಲಮಣಿಯ ತಟ್ಟೆಯನ್ನೂ ಪರೀಕ್ಷಿಸಿ ಕೈಬಿಟ್ಟರು. ಗೆದ್ದದ್ದು ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು ಮತ್ತು ಪಾಲಿಥಿಲೀನ್ ತಟ್ಟೆಯ ನಾಲ್ಕನೇ ಮಾದರಿ. 1990ರ ಡಿಸೆಂಬರ್ 6ರಂದು ಅದು ಮೊದಲ ಬಾರಿಗೆ ಮನುಷ್ಯನ ಹೃದಯ ಸೇರಿತು. ನನ್ನ ಎದೆಯೊಳಗೆ ಟಿಕ್ ಅನ್ನುವುದೂ ಆ ಚಿತ್ರಾ ಕವಾಟವೇ. ವಲಿಯತ್ತಾನ್ 1993ರಲ್ಲಿ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು; ನಂತರ ಚರಕ, ಸುಶ್ರುತರ ಬಗ್ಗೆ ದೊಡ್ಡ ಗ್ರಂಥಗಳನ್ನು ಬರೆದರು; 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ನಾನು ತಪಾಸಣೆಗೆ ಬಸ್ಸು ಹಿಡಿದು ಹೋಗುವ ಊರಿನಲ್ಲೇ ನನ್ನ ಕವಾಟ ಮಾಡಿದವರು ಇದ್ದರು ಎಂಬುದು ಗೊತ್ತಾದದ್ದು ಅವರು ಹೋದ ಮೇಲೆ ಪತ್ರಿಕೆ ಓದಿ.

ಇನ್ನು ಉಳಿದ ಒತ್ತಡಕ್ಕೆ ಮದ್ದು. ಇಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ಶ್ವಾಸಕೋಶದ ಅಪಧಮನಿಗಳಲ್ಲೇ ಹುಟ್ಟುವ ಅಪರೂಪದ ಕಾಯಿಲೆಗೂ, ಎಡ ಹೃದಯದ ತೊಂದರೆಯಿಂದ ಬರುವ ನನ್ನಂಥವರ ಕಾಯಿಲೆಗೂ ಹೆಸರು ಒಂದೇ. ಹೊಸ ಮದ್ದುಗಳು ಬಂದದ್ದು ಮೊದಲನೆಯದಕ್ಕೆ. ಎದೆನೋವಿಗೆಂದು ಹುಡುಕಿ, ವಯಾಗ್ರಾ ಎಂದು ಜಗತ್ಪ್ರಸಿದ್ಧವಾದ ಸಿಲ್ಡೆನಾಫಿಲ್‌ಗೆ 2005ರಲ್ಲಿ ಆ ಕಾಯಿಲೆಗಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾಗಾದರೆ ನಮಗೂ ಆಗಬಹುದಲ್ಲ? ಸ್ಪೇನಿನ ವೈದ್ಯರು ಕವಾಟ ಸರಿಪಡಿಸಿದ ಮೇಲೂ ಒತ್ತಡ ಉಳಿದ 200 ಮಂದಿಯ ಮೇಲೆ ಆರು ತಿಂಗಳು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಲ್ಡೆನಾಫಿಲ್ ತೆಗೆದುಕೊಂಡವರಲ್ಲಿ 27 ಮಂದಿ ಸುಧಾರಿಸಿದರು, 33 ಮಂದಿ ಹದಗೆಟ್ಟರು. ಬರಿಯ ಹುಸಿ ಮಾತ್ರೆ ನುಂಗಿದವರಲ್ಲಿ 44 ಮಂದಿ ಸುಧಾರಿಸಿದರು, 14 ಮಂದಿ ಹದಗೆಟ್ಟರು. ಅದೇ ಹೆಸರಿನ ಕಾಯಿಲೆಯ ಮದ್ದು ನಮಗೆ ಕೇಡು ಮಾಡಿತು. ಮೊಬೈಲಿನಲ್ಲಿ ಹೆಸರು ಹುಡುಕಿ ಮದ್ದು ಸೂಚಿಸುವ ಬಂಧುಗಳಿಗೆ ನಾನು ಈ ನಾಲ್ಕು ಅಂಕೆಗಳನ್ನು ಹೇಳುತ್ತೇನೆ.

ಹಾಗಾಗಿ ನನ್ನ ದಿನಗಳು ಸಣ್ಣ ಲೆಕ್ಕಗಳಲ್ಲಿ ನಡೆಯುತ್ತವೆ. ಬೆಳಿಗ್ಗೆ ಎದ್ದು ತೂಕ ನೋಡುತ್ತೇನೆ. ಎರಡು ಮೂರು ದಿನದಲ್ಲಿ ಒಂದೆರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು, ವೈದ್ಯರಿಗೆ ಫೋನು ಮಾಡಬೇಕು. ನೀರಿನ ಮಾತ್ರೆ ನುಂಗುತ್ತೇನೆ. ಗಂಜಿಗೆ ಉಪ್ಪಿನಕಾಯಿಯಿಲ್ಲ, ಒಣಮೀನಿಲ್ಲ; ಈ ಊರಿನಲ್ಲಿ ಹುಟ್ಟಿದವನಿಗೆ ಅದಕ್ಕಿಂತ ಕಠಿಣ ಪಥ್ಯವಿಲ್ಲ. ಲೋಹದ ಕವಾಟಕ್ಕೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಬೇಕು, ಅದರ ಹದ ನೋಡಲು ಐಎನ್ಆರ್ ಪರೀಕ್ಷೆ ಬೇಕು. ಬಸಳೆ, ಹರಿವೆ ಬಿಡಬೇಕಾಗಿಲ್ಲ, ಒಂದು ವಾರ ದಿನಾ ತಿಂದು ಮರುವಾರ ಮುಟ್ಟದಿರುವುದು ಕೂಡದು. ಏರುದಾರಿಯಲ್ಲಿ ಮಾತು ನಿಲ್ಲುವ ಮೊದಲೇ ಕಾಲು ನಿಲ್ಲಿಸುತ್ತೇನೆ. ಬಾಳೆಬರೆ ಘಾಟಿಯನ್ನು ಬಸ್ಸಿನ ಕಿಟಕಿಯಿಂದ ನೋಡುತ್ತೇನೆ.

ಇತಿಹಾಸ ಕಲಿಸುವಾಗ ನಾವು ಘಟನೆಗೆ ಇಸವಿ ಹಚ್ಚುತ್ತೇವೆ, ಕಾಯುವಿಕೆಗೆ ಹಚ್ಚುವುದಿಲ್ಲ. 1902ರಿಂದ 1925ರವರೆಗಿನ, 1925ರಿಂದ 1948ರವರೆಗಿನ ಖಾಲಿ ವರ್ಷಗಳಲ್ಲಿ ಎಷ್ಟು ಶ್ವಾಸಕೋಶಗಳು ಬಿಗಿದುಕೊಂಡವೋ ಯಾರೂ ಎಣಿಸಿಲ್ಲ. ನನ್ನ ಎಕೋ ವರದಿಯಲ್ಲಿ ಕವಾಟ ಸರಿಯಾಗಿದೆ ಎಂಬ ಸಾಲಿನ ಕೆಳಗೆ ಇರುವ ಒತ್ತಡದ ಅಂಕೆ ಅಂಥದೇ ಎಣಿಕೆ: ಮೊಣಕಾಲು ಊದಿದ ದಿನದಿಂದ ಕವಾಟ ಬದಲಾದ ದಿನದವರೆಗಿನ ವರ್ಷಗಳ ಮೊತ್ತ.

ಈ ವರ್ಷ ನನ್ನ ತರಗತಿಯ ಒಬ್ಬ ಹುಡುಗಿಗೆ ಜ್ವರದ ಬೆನ್ನಿಗೆ ಕೀಲುನೋವು ಬಂತು. ಮೊದಲು ಮೊಣಕಾಲು, ಎರಡು ದಿನ ಬಿಟ್ಟು ಮಣಿಕಟ್ಟು. ಅವಳ ಅಮ್ಮನನ್ನು ಕರೆಸಿ, ಎಣ್ಣೆ ಸಾಲದು, ವೈದ್ಯರಿಗೆ ತೋರಿಸಿ ಎಂದೆ. ಸಂಧಿವಾತ ಜ್ವರವೆಂದು ಗೊತ್ತಾಯಿತು. ಕವಾಟಕ್ಕೆ ಇನ್ನೂ ಏನೂ ಆಗಿಲ್ಲ. ಈಗ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು, ಇನ್ನೂ ಅನೇಕ ವರ್ಷ. ಶಾಲೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ನಾನು ಕೆಂಪು ಶಾಯಿಯಿಂದ ಗುರುತು ಹಾಕಿಟ್ಟಿದ್ದೇನೆ.