ಹಳೆಯ ಜಾವಾ ಕೊಳ್ಳುವ ಮುನ್ನ

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಮೊದಲು ಹಲ್ಲು ನೋಡುತ್ತಿದ್ದರು, ಆಮೇಲೆ ಸುಳಿ ನೋಡುತ್ತಿದ್ದರು. ಕೊಂಬಿಗೆ ಬಳಿದ ಬಣ್ಣಕ್ಕೆ ಯಾರೂ ಹಣ ಎಣಿಸುತ್ತಿರಲಿಲ್ಲ. ಆದರೆ ಹಳೆಯ ಮೋಟಾರ್ ಸೈಕಲ್ ಕೊಳ್ಳಲು ಹೊರಟವರು ಈ ಬುದ್ಧಿಯನ್ನು ಮರೆಯುವುದುಂಟು. ಟ್ಯಾಂಕಿನ ಮೇಲೆ ಕಡುಗೆಂಪು ಬಣ್ಣ ಹೊಳೆಯಿತು, ಜಾವಾ ಎಂಬ ಅಕ್ಷರ ಕಂಡಿತು ಎಂದೊಡನೆ ಮುಂಗಡ ಕೊಟ್ಟುಬಿಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಗಾಡಿಯ ಹಲ್ಲು ನೋಡುವುದು ಹೇಗೆ? ಅದಕ್ಕೆ ಅದರ ಚರಿತ್ರೆ ತಿಳಿದಿರಬೇಕು. ಇವತ್ತು ಆ ಚರಿತ್ರೆಯನ್ನೇ ನೋಡೋಣ.

ಜಾವಾ ಹುಟ್ಟಿದ್ದು ನಮ್ಮಲ್ಲಲ್ಲ. 1929ರಲ್ಲಿ ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು ತಯಾರಿಕೆ ಆರಂಭಿಸಿದರು. ಎರಡೂ ಹೆಸರುಗಳ ಮೊದಲ ಅಕ್ಷರಗಳು ಕೂಡಿ ಜಾವಾ ಆಯಿತು. ಭಾರತಕ್ಕೆ ಅದು ಮೊದಲು ಹಡಗಿನಲ್ಲಿ ಬಂತು. ಅನಂತರ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1961ರಿಂದ ಮೈಸೂರಿನ ಜಾವಾ ರಸ್ತೆಗಿಳಿಯಿತು. ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು; ಕಿಕ್ಕರೂ ಗೇರೂ ಒಂದೇ ಸನ್ನೆ. ಆ ಸದ್ದನ್ನು ದೂರದಿಂದಲೇ ಗುರುತಿಸುವ ಹಿರಿಯರು ನಿಮ್ಮ ಊರಿನಲ್ಲೂ ಇದ್ದಾರು.

ಇನ್ನು 1973. ಮೈಸೂರು ರಾಜ್ಯ ಕರ್ನಾಟಕವಾದ ವರ್ಷ ಅದು. ಅದೇ ವರ್ಷ ಈ ಕಾರ್ಖಾನೆಯ ಗಾಡಿಗೂ ಯೆಜ್ಡಿ ಎಂಬ ಹೊಸ ಹೆಸರು ಬಂತು. ಹೆಸರು ಬದಲಾಯಿತೇ ಹೊರತು ವಂಶ ಬದಲಾಗಲಿಲ್ಲ. ಕಿಕ್ಕರು, ಗೇರಿನ ಏರ್ಪಾಟೂ ಹಾಗೆಯೇ ಉಳಿಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

1961, 1973, 1996: ಈ ಮೂರು ವರ್ಷಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಿಮ್ಮ ಒರೆಗಲ್ಲು ಇವೇ. ಆರ್.ಸಿ. ಪುಸ್ತಕದಲ್ಲಿ 1982 ಎಂದಿದ್ದು, ಟ್ಯಾಂಕಿನ ಮೇಲೆ ಜಾವಾ ಎಂದಿದ್ದರೆ ಏನರ್ಥ? ಯೆಜ್ಡಿಗೆ ಯಾರೋ ಜಾವಾದ ಅಂಗಿ ತೊಡಿಸಿದ್ದಾರೆ. ಜಾವಾ ಹೆಸರಿಗೆ ಹೆಚ್ಚು ಬೆಲೆ ಬರುತ್ತದಲ್ಲ! 1968ರ ಗಾಡಿಯನ್ನು ತೋರಿಸಿ ‘ಇದು ಪ್ರಾಗಿನದು’ ಎಂದರೆ ನಂಬುವ ಮುನ್ನ ಕಾಗದ ಕೇಳಿ. ಆ ಹೊತ್ತಿಗೆ ಮೈಸೂರಿನಲ್ಲಿ ತಯಾರಿಕೆ ನಡೆದು ಏಳು ವರ್ಷ ಕಳೆದಿತ್ತು. 2018ರಲ್ಲಿ ಮರಳಿ ಬಂದ ಜಾವಾ, 2022ರಲ್ಲಿ ಮರಳಿದ ಯೆಜ್ಡಿ ಬೇರೆಯೇ ಯಂತ್ರಗಳು. ಅವು ನಾಲ್ಕು ಸ್ಟ್ರೋಕಿನವು, ಹಳೆಯವು ಎರಡು ಸ್ಟ್ರೋಕಿನವು.

ಈಗ ಲೋಹಕ್ಕೆ ಬನ್ನಿ. ಚಾಸಿಸ್ ನಂಬರು ಮತ್ತು ಇಂಜಿನ್ ನಂಬರು, ಇವೆರಡೇ ಗಾಡಿಯ ನಿಜವಾದ ಹೆಸರು. ಸೀಮೆಎಣ್ಣೆಯ ಬಟ್ಟೆಯಿಂದ ಜಿಡ್ಡು ಒರೆಸಿ, ಹಗಲು ಬೆಳಕಿನಲ್ಲಿ ನೋಡಿ. ಮೇಲೆ ತೆಳುವಾದ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಒಂದು ಅಂಕಿ ಆಳ, ಇನ್ನೊಂದು ತೇಲು, ಸುತ್ತ ಅರ ಉಜ್ಜಿದ ಗುರುತು, ವೆಲ್ಡಿಂಗಿನ ಗಂಟು, ಅಲ್ಲಿ ಮಾತ್ರ ಹೊಸ ಬಣ್ಣ: ಇವುಗಳಲ್ಲಿ ಒಂದು ಕಂಡರೂ ಹಿಂದೆ ಸರಿಯಿರಿ. ಅಚ್ಚನ್ನು ಆರ್.ಸಿ. ಜೊತೆ ಒಂದೊಂದೇ ಅಂಕಿಯಾಗಿ ಹೋಲಿಸಿ. ಟ್ಯಾಂಕಿಗೆ ಒಂದು ಅಯಸ್ಕಾಂತ ತಾಗಿಸಿ. ಅಂಟದ ಕಡೆ ತಗಡಿನ ಮೇಲೆ ಪುಟ್ಟಿ ದಪ್ಪಗಿದೆ ಎಂದು ತಿಳಿಯಿರಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಕಾರ್ಖಾನೆ ಮುಚ್ಚಿ ದಶಕಗಳು ಕಳೆದಿವೆ. ಬೇರೆ ಕಡೆ ಮಾಡಿದ ಸೈಲೆನ್ಸರು, ಸೀಟು, ಮಡ್‌ಗಾರ್ಡು ಹಾಕಿದ್ದರೆ ಅದು ಮೋಸವಲ್ಲ. ಗಾಡಿಯನ್ನು ಬದುಕಿಸಲು ಮೆಕ್ಯಾನಿಕ್ಕುಗಳು ಕಂಡುಕೊಂಡ ದಾರಿ ಅದು. ಬೆಲೆಯಲ್ಲಿ ಅದನ್ನು ಚೌಕಾಸಿ ಮಾಡಬಹುದು. ಆದರೆ ತಿದ್ದಿದ ನಂಬರಿಗೆ ಚೌಕಾಸಿ ಇಲ್ಲ. ಅದು ಕಳವಿನ ಮಾಲಾಗಿರಬಹುದು, ಹಣವೂ ಹೋಗಿ ಠಾಣೆಯ ಮೆಟ್ಟಿಲೂ ಹತ್ತಬೇಕಾದೀತು.

ಗಡಿಯಲ್ಲಿರುವ ನಮಗೆ ಇನ್ನೊಂದು ಎಚ್ಚರ ಬೇಕು. ಕಾಸರಗೋಡಿನವರು ಮಂಗಳೂರಿನಲ್ಲಿ, ತಾಳವಾಡಿಯವರು ಚಾಮರಾಜನಗರದಲ್ಲಿ, ಅಕ್ಕಲಕೋಟೆಯವರು ಕಲಬುರಗಿಯಲ್ಲಿ ಗಾಡಿ ಕೊಳ್ಳುವುದು ಸಹಜ. ನಮ್ಮ ಮಾತಿಗೆ ಗಡಿ ಇಲ್ಲ, ಆರ್.ಟಿ.ಓ. ಕಾಗದಕ್ಕೆ ಇದೆ. ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಉಳಿಯುವುದಾದರೆ ಅಲ್ಲಿ ಹೊಸ ನಂಬರು ಪಡೆಯಬೇಕು. ಅದಕ್ಕೆ ಹಳೆಯ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತ ಬಂದಿದ್ದಾರೆಯೇ ಎಂದೂ ನೋಡಿ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಗಡಿ ದಾಟಿದ ಗಾಡಿಯೂ ಒಂದು ದಿನ ಆ ಕಚೇರಿಯ ಮುಂದೆ ನಿಲ್ಲಲೇಬೇಕು. ಆಗ ಅಧಿಕಾರಿ ನೋಡುವುದು ಬಣ್ಣವನ್ನಲ್ಲ, ನಂಬರನ್ನು.

2021ರಲ್ಲಿ ಕೇಂದ್ರ ಸರ್ಕಾರ, ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಎಂಬ ಬೇರೆ ನೋಂದಣಿಯ ನಿಯಮ ತಂದಿತು. ಆ ಗೌರವ ಬೇಕೆಂದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್ಸಿನಲ್ಲಿ, ಇಂಜಿನ್ನಿನಲ್ಲಿ ಹೆಚ್ಚಿನ ಮಾರ್ಪಾಡು ಆಗಿರಬಾರದು. ಆ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದೂ ನೆನಪಿರಲಿ.

ಆದ್ದರಿಂದ ಬಾಂಧವರೇ, ಅವಸರ ಬೇಡ. ನೋಡಲು ಹೋಗುವಾಗ ಆ ಕಾಲದ ಗಾಡಿ ಬಿಚ್ಚಿ ಕಟ್ಟಿದ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಾಗದ ಹೇಳುವ ವರ್ಷ, ಲೋಹ ಹೇಳುವ ನಂಬರು, ಚರಿತ್ರೆ ಹೇಳುವ ಹೆಸರು, ಈ ಮೂರೂ ಒಂದೇ ಮಾತು ಆಡಿದರೆ ಧೈರ್ಯವಾಗಿ ಹಣ ಎಣಿಸಿ. ಆಗ ನಿಮ್ಮ ಮನೆಯಂಗಳಕ್ಕೆ ಬರುವುದು ಮೈಸೂರಿನ ಕಾರ್ಮಿಕರ ಕೈಯಿಂದ ಹೊರಟ ನಿಜವಾದ ಗಾಡಿ.