ಕಿಂಡಿ ಹಿಂದೆ ಕೂತೋರು ಯಾರು?

(1)

ಮೊದಲನೇ ಫೋಟೋ ಯಾವುದು ಅಂತ ದುರ್ಗದವರಿಗೆ ಹೇಳೋದೇ ಬೇಡ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಹೈಸ್ಕೂಲ್ ಟ್ರಿಪ್‌ಗೆ ಬಂದು ಈ ಸಂದಿಯೊಳಗೆ ನುಸುಳಿ ಫೋಟೋ ತೆಗೆಸಿಕೊಂಡ ನೆನಪು ನಿಮ್ಮಲ್ಲಿ ಅರ್ಧ ಜನಕ್ಕಾದ್ರೂ ಇರುತ್ತೆ. ಓಬವ್ವನ ಕಿಂಡಿ.

ಈ ಸಲದ ಸರಣಿ ಸಿಸಿಟಿವಿ ಬಗ್ಗೆ. ಇದ್ರಲ್ಲೇನು ಹಿಸ್ಟರಿ ಅಂತ ಸ್ಕ್ರೋಲ್ ಮಾಡ್ಬೇಡಿ. ಮನೆ ಗೇಟಿಗೆ ಕ್ಯಾಮೆರಾ, ಟಿವಿ ಪಕ್ಕದಲ್ಲಿ ಡಿವಿಆರ್, ಅಪ್ಪನ ಫೋನಲ್ಲಿ ಆ್ಯಪ್, ಇಷ್ಟಕ್ಕೆ ಬರೋಕೆ ಎಂಬತ್ತು ವರ್ಷ ಹಿಡಿದಿದೆ. ಆದ್ರೆ ನನ್ನ ಪ್ರಕಾರ ಅದರ ಮುಖ್ಯ ಪ್ರಶ್ನೆ ಇನ್ನೂ ಹಳೇದು, ಈ ಕಿಂಡಿಯಷ್ಟು ಹಳೇದು.

ಕಥೆ ನಿಮಗೆ ಗೊತ್ತು. 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿ ಓಬವ್ವ ಆದಮೇಲೆ ಅದು ಗೊತ್ತಿಲ್ಲದವರು ರಾಜ್ಯದಲ್ಲೇ ಕಮ್ಮಿ. ನಾವು ಯಾವಾಗ್ಲೂ ಒನಕೆ ಕಡೆ ನೋಡ್ತೀವಿ, ನಾನು ಸ್ವಲ್ಪ ಊಟದ ಕಡೆ ನೋಡಿ ಅಂತೀನಿ. ಏಳು ಸುತ್ತಿನ ಕೋಟೆ, ಗುಡ್ಡಗುಡ್ಡಕ್ಕೂ ಬತೇರಿ, ಬತೇರಿಗೊಬ್ಬ ಕಾವಲುಗಾರ. ಅಷ್ಟಿದ್ರೂ ಹೈದರಾಲಿಯ ಸೈನಿಕರು ಒಳಗೆ ನುಸುಳೋಕೆ ಶುರು ಮಾಡಿದ್ದು ಕಾವಲಿನ ಮುದ್ದಹನುಮ ಊಟಕ್ಕೆ ಅಂತ ಮನೆಗೆ ಹೋದ ಹೊತ್ತಲ್ಲಿ. ಕಿಂಡಿ ಇದ್ದಲ್ಲೇ ಇತ್ತು, ನೋಡೋರು ಇರಲಿಲ್ಲ, ಅಷ್ಟೇ. ನೀರಿಗೆ ಅಂತ ಬಂದ ಓಬವ್ವ ಸದ್ದು ಕೇಳಿಸಿಕೊಂಡಳು, ಮುಂದಿನದು ನಿಮಗೆ ಬಾಯಿಪಾಠ. (ಕೋಟೆ ಕೊನೆಗೆ 1779ರಲ್ಲಿ ಹೈದರಾಲಿ ಕೈಸೇರಿತು. ಅದು ಬೇರೆ ದಿನಕ್ಕೆ.)

ಕಾವಲುಗಾರನಿಗೆ ಹಸಿವಾಗುತ್ತೆ, ನಿದ್ದೆ ಬರುತ್ತೆ. ಅದಕ್ಕೇನು ಮಾಡೋದು ಅನ್ನೋದೇ ಮುಂದಿನ ಕಥೆಯೆಲ್ಲ.

(2)

ಟಿವಿ ಕ್ಯಾಮೆರಾವನ್ನ ತಂತಿಯಲ್ಲಿ ಕಟ್ಟಿ ಕಾವಲಿಗೆ ಕೂರಿಸಿದ್ದು ಮೊದಲು ಮನೆಗಲ್ಲ, ರಾಕೆಟ್ಟಿಗೆ. 1942, ಜರ್ಮನಿಯ ಪೀನೆಮುಂಡೆ. ವಿ-2 ರಾಕೆಟ್ ಹಾರೋವಾಗ ಹತ್ತಿರ ನಿಂತರೆ ಸಾಯ್ತಾರೆ ಅಂತ ವಾಲ್ಟರ್ ಬ್ರುಖ್ ಎಂಬ ಎಂಜಿನಿಯರ್ ಕ್ಯಾಮೆರಾ ಇಟ್ಟು ದೂರದ ಬಂಕರ್‌ನಲ್ಲಿ ಪರದೆ ಇಟ್ಟ. ರೆಕಾರ್ಡಿಂಗ್ ಏನೂ ಇಲ್ಲ, ಆ ಕ್ಷಣಕ್ಕೆ ಕಂಡಿದ್ದಷ್ಟೇ. ಒಂದು ಮಜಾ ಹೇಳ್ತೀನಿ. ನಿಮ್ಮನೆ ಡಿವಿಆರ್ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಸ್ಟ್ಯಾಂಡರ್ಡ್ ಅಂತ ಇದ್ರೆ ‘ಪಾಲ್’ ಅಂತ ಕಾಣುತ್ತೆ. ನಮ್ಮ ದೂರದರ್ಶನಕ್ಕೆ ಬಣ್ಣ ಬಂದಿದ್ದೂ ಅದೇ ಪಾಲ್ ಪದ್ಧತಿಯಲ್ಲಿ. ಅದನ್ನ 1960ರ ದಶಕದಲ್ಲಿ ರೂಪಿಸಿದವನು ಇದೇ ಬ್ರುಖ್.

ಮನೆಗೆ ಅದನ್ನ ತಂದವಳು ಒಬ್ಬ ನರ್ಸ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್, ಕಪ್ಪು ಮಹಿಳೆ. ಅವಳ ಡ್ಯೂಟಿ, ಗಂಡನ ಕೆಲಸ ಎರಡಕ್ಕೂ ಹೊತ್ತುಗೊತ್ತಿಲ್ಲ, ರಾತ್ರಿ ಎಷ್ಟೋ ಸಲ ಒಬ್ಬಳೇ ಇರ್ಬೇಕು, ಪೊಲೀಸರಿಗೆ ಫೋನ್ ಮಾಡಿದ್ರೆ ಬೇಗ ಬರಲ್ಲ. ಅವಳು ಮತ್ತೆ ಗಂಡ ಆಲ್ಬರ್ಟ್ ಸೇರಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ರು, 1969ರ ಡಿಸೆಂಬರ್‌ನಲ್ಲಿ ಸಿಕ್ತು. ಬಾಗಿಲಲ್ಲಿ ಬೇರೆಬೇರೆ ಎತ್ತರಕ್ಕೆ ನಾಲ್ಕು ಕಿಂಡಿ, ಮೇಲೆ ಕೆಳಗೆ ಸರಿಯೋ ಕ್ಯಾಮೆರಾ, ಮಲಗೋ ಕೋಣೇಲಿ ಟಿವಿ, ಹೊರಗಿರೋರ ಜೊತೆ ಮಾತಾಡೋಕೆ ಮೈಕ್, ಬೇಕಾದೋರಾದ್ರೆ ಹಾಸಿಗೇಲೇ ಕೂತು ಬಾಗಿಲು ತೆಗೆಯೋ ಬಟನ್, ಬೇಡದವರಾದ್ರೆ ಅಲಾರಂ. ಈಗ ನಾವು ವಿಡಿಯೊ ಡೋರ್‌ಬೆಲ್ ಅಂತ ದುಡ್ಡು ಕೊಟ್ಟು ತರೋದು ಹೆಚ್ಚುಕಮ್ಮಿ ಇದನ್ನೇ.

ನನಗೆ ಇಷ್ಟವಾಗೋದು ಆ ನಾಲ್ಕು ಕಿಂಡಿ. ಇಲ್ಲೂ ಒಬ್ಬಳೇ ಹೆಂಗಸು, ಇಲ್ಲೂ ಕಿಂಡಿ. ಕಿಂಡಿ ಅವಳದ್ದು, ಪರದೆ ಅವಳದ್ದು, ಬಟನ್ನೂ ಅವಳ ಕೈಯಲ್ಲಿ. ಇದನ್ನ ನೆನಪಿಟ್ಟುಕೊಳ್ಳಿ, ಐದನೇ ಕ್ಯಾಪ್ಶನ್‌ನಲ್ಲಿ ಬೇಕಾಗುತ್ತೆ.

(3)

ನೋಡೋದಾಯ್ತು, ಇನ್ನು ಇಟ್ಟುಕೊಳ್ಳೋದು. ಮೊದಮೊದಲು ವಿಡಿಯೊ ಕ್ಯಾಸೆಟ್. ದಿನಾ ಯಾರಾದ್ರೂ ನೆನಪಿಟ್ಟು ಬದಲಾಯಿಸಬೇಕು. ಒಂದೇ ಕ್ಯಾಸೆಟ್ ಮೇಲೆ ಮತ್ತೆಮತ್ತೆ ರೆಕಾರ್ಡ್ ಮಾಡಿದ್ರೆ ಚಿತ್ರ ಸವೆದು ಕಳ್ಳನೂ ಒಂದೇ, ಕಂಬಾನೂ ಒಂದೇ. ಹಾರ್ಡ್ ಡಿಸ್ಕ್ ಇರೋ ಡಿವಿಆರ್ ಬಂದಮೇಲೆ ಆ ರಗಳೆ ಹೋಯ್ತು. ಡಿಸ್ಕ್ ತುಂಬಿದ್ರೆ ತಾನೇ ಹಳೇದನ್ನ ಅಳಿಸಿ ಹೊಸದು ಬರೆಯುತ್ತೆ.

ಎಷ್ಟು ದಿನದ್ದು ಉಳಿಯುತ್ತೆ? ಅಂಗಡಿಯವರು ‘ಒಂದು ತಿಂಗಳು ಬರುತ್ತೆ ಸಾರ್’ ಅಂತಾರೆ. ಬಿಕಾಂನವರಲ್ವಾ, ಲೆಕ್ಕ ಹಾಕೋಣ. ಒಂದು 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುತ್ತೆ ಅಂತಿಟ್ಟುಕೊಳ್ಳಿ. ಗಂಟೆಗೆ 900 ಎಂಬಿ, ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಗೆ 86.4 ಜಿಬಿ. 1 ಟಿಬಿ ಡಿಸ್ಕ್‌ಗೆ ಭಾಗಿಸಿ: ಹನ್ನೊಂದು ದಿನ, ಚೂರು ಜಾಸ್ತಿ. ಹೊಸ ಎಚ್.265 ಪದ್ಧತೀಲಿ ಆ ಬಿಟ್ಸ್ ಅರ್ಧಕ್ಕಿಳಿಸಿದ್ರೆ ಇಪ್ಪತ್ಮೂರು ದಿನ. ಹಬ್ಬಕ್ಕೆ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದು ಮೊದಲ ದಿನದ ಕಳ್ಳತನ ಹುಡುಕಿದ್ರೆ ಏನು ಸಿಗುತ್ತೆ ಅಂತ ನೀವೇ ನೋಡಿ.

ದೂರದಿಂದ ನೋಡೋ ಐಡಿಯಾ ಹುಟ್ಟಿದ್ದು ಮಾತ್ರ ಕಳ್ಳರಿಂದಲ್ಲ, ಕಾಫಿಯಿಂದ. 1991ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬ್‌ನವರು ಮೆಟ್ಟಿಲು ಹತ್ತಿ ಬಂದು ಖಾಲಿ ಜಗ್ ನೋಡಿ ನೋಡಿ ಬೇಜಾರಾಗಿ, ಜಗ್ಗಿನ ಮುಂದೆ ಕ್ಯಾಮೆರಾ ಇಟ್ರು. 1993ರಲ್ಲಿ ಅದು ವೆಬ್‌ಗೆ ಬಂತು, ಪ್ರಪಂಚದ ಜನ ಆ ಮಸುಕು ಕಪ್ಪುಬಿಳುಪು ಜಗ್ ನೋಡ್ತಾ ಕೂತ್ರು, 2001ರ ಆಗಸ್ಟ್‌ನಲ್ಲಿ ನಿಲ್ಲಿಸೋವರೆಗೂ. ಕೆಲಸ ಇಲ್ಲದವರು ಆಗಲೂ ಇದ್ರು.

(4)

ಈಗ ನಮ್ಮ ರಾಜ್ಯಕ್ಕೆ ಬರೋಣ. ಇದು ಓದೋಕೆ ಕಷ್ಟ, ಆದ್ರೂ ಹೇಳ್ಬೇಕು.

2013ರ ನವೆಂಬರ್ 19, ಬೆಳಿಗ್ಗೆ. ಬೆಂಗಳೂರಿನ ಕಾರ್ಪೊರೇಷನ್ ಸರ್ಕಲ್ ಹತ್ತಿರದ ಎಟಿಎಂ ಒಳಗೆ ಒಬ್ಬ ಬ್ಯಾಂಕ್ ಉದ್ಯೋಗಿ ಮಹಿಳೆ ಮೇಲೆ ಮಚ್ಚಿನಿಂದ ಹಲ್ಲೆ ಆಯ್ತು. ನಾವಾಗ ಪ್ರೈಮರಿ ಸ್ಕೂಲು. ಟಿವಿಯಲ್ಲಿ ದಿನವೆಲ್ಲ ಅದೇ ವಿಡಿಯೊ, ಅಮ್ಮ ಬಂದು ಚಾನೆಲ್ ಬದಲಾಯಿಸ್ತಿದ್ರು. ಕ್ಯಾಮೆರಾ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಶಟರ್ ಎಳೆದಿದ್ದು, ಹೊಡೆದಿದ್ದು, ಹೋಗಿದ್ದು, ಎಲ್ಲ ದಾಖಲಾಗಿತ್ತು. ಆದ್ರೆ ಆ ಹೊತ್ತಲ್ಲಿ ಅದನ್ನ ನೋಡ್ತಾ ಇದ್ದವರು ಯಾರೂ ಇಲ್ಲ. ಆಕೆ ರಕ್ತದಲ್ಲಿ ಗಂಟೆಗಟ್ಟಲೆ ಬಿದ್ದಿದ್ದರು. ಕೊನೆಗೆ ಸುಳಿವು ಕೊಟ್ಟಿದ್ದು ಹೊರಗೆ ಹರಿದ ರಕ್ತ, ಕ್ಯಾಮೆರಾ ಅಲ್ಲ. ಆಕೆ ಬದುಕಿದ್ರು. ಅಷ್ಟು ಸ್ಪಷ್ಟವಾಗಿ ಮುಖ ಕಂಡಿದ್ದ ಆರೋಪಿ ಸಿಕ್ಕಿಬಿದ್ದಿದ್ದು 2017ರ ಫೆಬ್ರವರಿಯಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. ಮೂರು ವರ್ಷದ ಮೇಲೆ.

ಅದೇ 2017ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸುರಕ್ಷತೆಯ ಕಾನೂನೂ ಬಂತು. ಜನ ಸೇರೋ ದೊಡ್ಡ ಅಂಗಡಿ, ಆಸ್ಪತ್ರೆ, ಸಂಸ್ಥೆಗಳು ಕ್ಯಾಮೆರಾ ಹಾಕಲೇಬೇಕು, 30 ದಿನದ ರೆಕಾರ್ಡಿಂಗ್ ಇಟ್ಟಿರಬೇಕು ಅಂತ. ನಾವು ಹಾಕಿದ ಲೆಕ್ಕದಲ್ಲಿ ನಾಲ್ಕು ಕ್ಯಾಮೆರಾಗೆ 30 ದಿನ ಅಂದ್ರೆ ಸುಮಾರು 2,600 ಜಿಬಿ. ಮನೆಗೆ ಆ ಕಾನೂನಿಲ್ಲ, ಮನೆಯವರು ತಾವಾಗೇ ಹಾಕಿಸ್ತಿದ್ದಾರೆ.

ಅದ್ರಲ್ಲೂ ನಮ್ಮ ಕಡೆ. ಹೊಳಲ್ಕೆರೆ, ಹೊಸದುರ್ಗದಲ್ಲಿ ಅಡಿಕೆ ಕೊಯ್ಲಿನ ಟೈಮಲ್ಲಿ ಕಣ ಕಾಯೋಕೆ ಮೊದಲು ಅಜ್ಜಂದಿರು ಕಂಬಳಿ ಹೊದ್ದು ಮಲಗ್ತಿದ್ರು, ಈಗ ಕಂಬಕ್ಕೊಂದು ಕ್ಯಾಮೆರಾ. ತೋಟದಲ್ಲಿ ಲೈನ್ ಇಲ್ಲ ಅಂದ್ರೆ ಸಿಮ್ ಹಾಕೋ ಸೋಲಾರ್ ಕ್ಯಾಮೆರಾ. ಮಗ ಬೆಂಗಳೂರಲ್ಲಿ ಕೂತು ಹಿರಿಯೂರಿನ ಮನೆ ಅಂಗಳ ನೋಡ್ತಾನೆ. ಮುದ್ದಹನುಮನ ಊಟದ ಹೊತ್ತು ಈಗ ಯಾವುದು ಗೊತ್ತಾ? ಕರೆಂಟ್ ಹೋದ ಹೊತ್ತು. ಕ್ಯಾಮೆರಾ, ಡಿವಿಆರ್, ವೈಫೈ ರೂಟರ್ ಮೂರೂ ಯುಪಿಎಸ್ ಮೇಲಿಲ್ಲದಿದ್ರೆ ಕಾವಲು ಊಟಕ್ಕೆ ಹೋದಂಗೇ ಲೆಕ್ಕ.

(5)

ದೂರದಿಂದ ನೋಡೋಕೆ ನಿಮಗೆ ದಾರಿ ಇದೆ ಅಂದ್ರೆ ಬೇರೆಯವರಿಗೂ ಇರಬಹುದು. 2016ರಲ್ಲಿ ಇದು ಇಡೀ ಜಗತ್ತಿಗೆ ಗೊತ್ತಾಯ್ತು. ಆಗೆಲ್ಲ ರಿಮೋಟ್ ವ್ಯೂ ಬೇಕು ಅಂದ್ರೆ ರೂಟರ್‌ನಲ್ಲಿ ಒಂದು ಪೋರ್ಟ್ ತೆರೆದಿಡೋರು. ಆ ತೆರೆದ ಬಾಗಿಲನ್ನ ಹುಡುಕ್ತಾ ಹೋಗೋ ಮಿರಾಯ್ ಅನ್ನೋ ಪ್ರೋಗ್ರಾಂ ಹುಟ್ಟಿತು. ಅದರ ಕೈಯಲ್ಲಿದ್ದಿದ್ದು ಸುಮಾರು 60 ಜೋಡಿ ಹೆಸರು-ಪಾಸ್‌ವರ್ಡ್, ಅಷ್ಟೇ. ‘ಅಡ್ಮಿನ್-ಅಡ್ಮಿನ್’ ತರದವು, ಕಂಪನಿಯವರು ಡಬ್ಬದಲ್ಲೇ ಹಾಕಿ ಕಳಿಸೋವು. ಲಕ್ಷಗಟ್ಟಲೆ ಡಿವಿಆರ್, ಕ್ಯಾಮೆರಾ, ರೂಟರ್ ಅದರ ವಶವಾದವು. ಅಕ್ಟೋಬರ್ 21ರಂದು ಅಂಥ ಡಿವೈಸ್‌ಗಳೆಲ್ಲ ಒಟ್ಟಿಗೆ ಡಿನ್ ಎಂಬ ಅಮೆರಿಕದ ಕಂಪನಿ ಮೇಲೆ ಮುಗಿಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ತಡವರಿಸಿದವು. ಮಿರಾಯ್ ಬರೆದ ಮೂವರೂ ಇಪ್ಪತ್ತರ ಆಸುಪಾಸಿನ ಹುಡುಗರು. ನಮ್ಮ ವಯಸ್ಸು ಕಣ್ರಪ್ಪ. 2017ರ ಡಿಸೆಂಬರ್‌ನಲ್ಲಿ ಕೋರ್ಟಲ್ಲಿ ತಪ್ಪು ಒಪ್ಪಿಕೊಂಡರು.

ಈಗ ಪೋರ್ಟ್ ತೆರೆಯೋ ಕಾಲ ಹೋಯ್ತು. ಡಿವಿಆರ್ ಕಂಪನಿಯ ಸರ್ವರ್‌ಗೆ ತಾನೇ ಹೋಗಿ ಕೂತಿರುತ್ತೆ, ನಿಮ್ಮ ಫೋನೂ ಅಲ್ಲಿಗೇ ಹೋಗುತ್ತೆ, ಸರ್ವರ್ ಇಬ್ಬರನ್ನೂ ಜೋಡಿಸುತ್ತೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಮುಗೀತು. ಸುಲಭ. ನಾವು ಎಡವಿದ್ದೂ ಆ ಸುಲಭದಲ್ಲೇ.

ನಮ್ಮೂರು ಹೊಳಲ್ಕೆರೆ ತಾಲ್ಲೂಕು. ಹೋದ ಕೊಯ್ಲಿಗೆ ಮುಂಚೆ ಅಪ್ಪ ನಾಲ್ಕು ಕ್ಯಾಮೆರಾ ಹಾಕಿಸಿದ್ರು: ಗೇಟು, ಕಣ, ಹಿತ್ತಲು. ಒಂದು ಉಳೀತಲ್ಲ ಅಂತ ನಾಲ್ಕನೇದು ಹಾಲಿಗೆ. ನಾನು ದುರ್ಗದ ಹಾಸ್ಟೆಲಲ್ಲಿ ಕೂತು ಅಡಿಕೆ ಒಣಗೋದನ್ನ ನೋಡ್ತಿದ್ದೆ, ಅಮ್ಮ ಟಿವಿ ಮುಂದೆ ತೂಕಡಿಸೋದನ್ನೂ. ಅಮ್ಮಂಗೆ ಫೋನ್ ಮಾಡಿ ‘ಮಲಕ್ಕೊಳ್ಳಮ್ಮ’ ಅಂದ್ರೆ ಬೆಚ್ಚಿಬಿದ್ದು ‘ನಿಂಗೆಂಗೆ ಗೊತ್ತಾಯ್ತೋ’ ಅನ್ನೋರು. ನಗ್ತಿದ್ದೆ. ಈಗ ನೆನೆಸಿಕೊಂಡ್ರೆ ನಗು ಬರಲ್ಲ.

ಎಂಟು ತಿಂಗಳಾದ್ಮೇಲೆ ಅಪ್ಪನ ಫೋನ್ ಬದಲಾಯ್ತು. ಹೊಸ ಫೋನಲ್ಲಿ ಆ್ಯಪ್ ಹಾಕಿದ್ರೆ ಓಟಿಪಿ ಕೇಳ್ತು. ಬರಲೇ ಇಲ್ಲ. ಆಮೇಲೆ ನಂಬರಿನ ಕೊನೆ ಎರಡಂಕಿ ನೋಡಿದೆ, ಅದು ಅಪ್ಪಂದೂ ಅಲ್ಲ, ನಂದೂ ಅಲ್ಲ. ಫಿಟ್ ಮಾಡೋಕೆ ಬಂದಿದ್ದ ಹುಡುಗನ್ದು. ಅವತ್ತು ಅರ್ಜೆಂಟಲ್ಲಿ ತನ್ನ ನಂಬರಿಂದಲೇ ಅಕೌಂಟ್ ಮಾಡಿ, ನಮಗೆ ಲಾಗಿನ್ ಕೊಟ್ಟು ಹೋಗಿದ್ದ. ಅಂದ್ರೆ ನಮ್ಮನೆ ಹಾಲಿನ ಯಜಮಾನ ಎಂಟು ತಿಂಗಳು ಅವನು.

ಹೋಗಿ ಕೇಳಿದೆ. ‘ಅಯ್ಯೋ ಮರ್ತೇ ಹೋಗಿತ್ತು ಬ್ರೋ’ ಅಂತ ಅಲ್ಲೇ ಫೋನ್ ತೆಗೆದ. ಒಳ್ಳೆ ಹುಡುಗನೇ, ಸುಳ್ಳು ಹೇಳ್ದಂಗೆ ಕಾಣಲಿಲ್ಲ. ಆದ್ರೆ ನಮ್ಮನೆ ಹುಡುಕೋಕೆ ಅವನು ಲಿಸ್ಟ್ ಮೇಲಕ್ಕೆ ತಳ್ಳಿದ, ಇನ್ನೂ ತಳ್ಳಿದ. ಮನೆಗಳು, ಅಂಗಡಿಗಳು, ಒಂದೊಂದರ ಪಕ್ಕ ಪುಟ್ಟ ಚಿತ್ರ, ಹಸಿರು ಚುಕ್ಕೆ. ಎಲ್ಲ ಲೈವ್. ನಮ್ಮದನ್ನ ಡಿಲೀಟ್ ಮಾಡಿದ. ಉಳಿದವು ಹಂಗೇ ಇದ್ದವು.

ಆ ನರ್ಸ್ ಮೇರಿ ಬ್ರೌನ್ ಹತ್ರ ಕಿಂಡಿ, ಪರದೆ, ಬಟನ್ ಮೂರೂ ಇತ್ತು ಅಂದೆನಲ್ಲ. ನಮ್ಮ ಹತ್ರ ಇದ್ದಿದ್ದು ಕರೆಂಟ್ ಬಿಲ್ ಒಂದೇ. ಆಡಿಟಿಂಗ್ ಕ್ಲಾಸಲ್ಲಿ ಚೆಕ್‌ಗೆ ಸಹಿ ಮಾಡೋ ಅಧಿಕಾರ ಯಾರಿಗೆ ಅಂತ ವಾರಗಟ್ಟಲೆ ಪಾಠ ಕೇಳಿದೀನಿ, ನಮ್ಮನೆ ಹಾಲಿನ ಅಧಿಕಾರ ಯಾರಿಗೆ ಅಂತ ಒಂದು ದಿನವೂ ಕೇಳಿರಲಿಲ್ಲ.

(6)

ಕೊನೇದು, ಚಿಕ್ಕದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಧಾರ್ ವಿಷಯಕ್ಕೆ. ಅದೇ ತೀರ್ಪಿನ ನೆರಳಲ್ಲಿ 2025ರಲ್ಲಿ ಕಲ್ಕತ್ತಾ ಹೈಕೋರ್ಟ್, ಒಂದೇ ಮನೇಲಿರೋ ಅಣ್ಣತಮ್ಮಂದಿರ ಜಗಳದಲ್ಲಿ, ಜೊತೇಲಿ ವಾಸ ಇರೋರ ಒಪ್ಪಿಗೆ ಇಲ್ದೆ ಮನೆಯೊಳಗೆ ಕ್ಯಾಮೆರಾ ನಡೆಸೋ ಹಾಗಿಲ್ಲ ಅಂತು. ಸುಪ್ರೀಂ ಕೋರ್ಟ್ ಅದನ್ನ ಮುಟ್ಟಲಿಲ್ಲ.

ನಾವು ಅಮ್ಮನ ಒಪ್ಪಿಗೆ ಕೇಳಿರಲಿಲ್ಲ. ಅಪ್ಪನೂ ಕೇಳಿಲ್ಲ, ನಾನೂ ಕೇಳಿಲ್ಲ. ಹಾಲಿನ ಕ್ಯಾಮೆರಾ ಬಿಚ್ಚಿ ತೋಟದ ಮೋಟರ್ ಮನೆಗೆ ಹಾಕಿದೀವಿ, ಅಕೌಂಟ್ ಅಪ್ಪನ ನಂಬರಿಗೆ ಹೊಸದಾಗಿ ಮಾಡಿ, ಡಿವಿಆರ್ ಪಾಸ್‌ವರ್ಡೂ ಬದಲಾಯಿಸಿದೀವಿ.

ಇವತ್ತು ಸಂಜೆ ನಿಮ್ಮನೆ ಆ್ಯಪ್‌ನಿಂದ ಒಂದ್ಸಲ ಲಾಗ್ ಔಟ್ ಆಗಿ, ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿ. ಓಟಿಪಿ ಯಾರ ಫೋನಿಗೆ ಹೋಗುತ್ತೆ ನೋಡಿ ನನಗೆ ಮೆಸೇಜ್ ಮಾಡಿ.